ಮೂರು ದ್ವೀಪ, ಮೂರು ಯೂನಿವರ್ಸಿಟಿ: ಆಡೋಕೆ ಯಾವುದು, ಓದೋಕೆ ಯಾವುದು, ಸುಮ್ನೆ ಮ್ಯಾಚ್ ನೋಡೋಕೆ ಯಾವುದು

ತಂಗಿ ಸ್ಯಾನ್ ಹೋಸೆಯಿಂದ ಫೋನ್ ಮಾಡಿದಳು. "ಅಣ್ಣ, ಇವಳಿಗೆ ದ್ವೀಪದಲ್ಲಿರೋ ಕಾಲೇಜೇ ಬೇಕಂತೆ. ವಾಲಿಬಾಲೂ ಆಡಬೇಕಂತೆ. ಸರ್ಕಾರಿ ಯೂನಿವರ್ಸಿಟಿ ಆದರೆ ನಮಗೂ ಖರ್ಚು ಕಮ್ಮಿ ಅಲ್ವಾ, ನೀನೇ ಒಂಚೂರು ನೋಡಿ ಹೇಳು." ಹಿಂದಿನಿಂದ ಸೊಸೆಯ, ಅಂದರೆ ತಂಗಿಯ ಮಗಳ, ದನಿ: "ಮಾವ, ಅಮ್ಮನ ಮಾತು ಕೇಳಬೇಡಿ, ನಾನು ಆಗಲೇ ಲಿಸ್ಟ್ ಮಾಡಿದ್ದೀನಿ." ಲಿಸ್ಟ್‌ನಲ್ಲಿ ಮೂರು ಹೆಸರಿದ್ದವು. ಹೊನೊಲುಲುವಿನಲ್ಲಿರುವ ಹವಾಯಿ ಯೂನಿವರ್ಸಿಟಿಯ ಮಾನೋವಾ ಕ್ಯಾಂಪಸ್, ಅದೇ ಹವಾಯಿ ಯೂನಿವರ್ಸಿಟಿಯ ಹಿಲೋ ಕ್ಯಾಂಪಸ್, ಮತ್ತೆ ನಮ್ಮ ಟೆಕ್ಸಸ್‌ನ ಟೆಕ್ಸಸ್ ಎ ಆ್ಯಂಡ್ ಎಂ ಕಾರ್ಪಸ್ ಕ್ರಿಸ್ಟಿ.

ನಾನಿರುವುದು ಹ್ಯೂಸ್ಟನ್‌ನಲ್ಲಿ. ಕಾರ್ಪಸ್ ಕ್ರಿಸ್ಟಿಗೆ ಕಾರಿನಲ್ಲಿ ಮೂರೂವರೆ ಗಂಟೆ, ಹಾಗಾಗಿ ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ. ಹವಾಯಿಗೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಬೀಚ್ ಬಿಟ್ಟು ವಾಲಿಬಾಲ್ ಮ್ಯಾಚ್ ನೋಡಲು ಕೂತಿದ್ದಕ್ಕೆ ಹೆಂಡತಿ ಇವತ್ತಿಗೂ ಅಂತಾಳೆ. ಸೊಸೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಮೂರಕ್ಕೂ ದ್ವೀಪ ಅನ್ನುವ ಹೆಸರಿದೆ, ಅಷ್ಟೇ.

ಮೊದಲು ನೀರಿನ ಲೆಕ್ಕ

ಕಾರ್ಪಸ್ ಕ್ರಿಸ್ಟಿಯ ಯೂನಿವರ್ಸಿಟಿ ತನ್ನನ್ನು "ಐಲ್ಯಾಂಡ್ ಯೂನಿವರ್ಸಿಟಿ" ಅಂತಲೇ ಕರೆದುಕೊಳ್ಳುತ್ತದೆ. ಸುಳ್ಳಲ್ಲ, ಇಡೀ ಮುಖ್ಯ ಕ್ಯಾಂಪಸ್ ವಾರ್ಡ್ ಐಲ್ಯಾಂಡ್ ಅನ್ನುವ ಪುಟ್ಟ ದ್ವೀಪದ ಮೇಲಿದೆ. ಸುಮಾರು 240 ಎಕರೆ, ಒಂದು ಕಡೆ ಕಾರ್ಪಸ್ ಕ್ರಿಸ್ಟಿ ಕೊಲ್ಲಿ, ಇನ್ನೊಂದು ಕಡೆ ಓಸೋ ಕೊಲ್ಲಿ. ಆದರೆ ಓಷನ್ ಡ್ರೈವ್ ರಸ್ತೆಯಲ್ಲಿ ಹೋಗುವಾಗ ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ. ಮೊದಲ ಸಲ ಹೋದಾಗ "ದ್ವೀಪ ಎಲ್ಲಿ?" ಅಂತ ಕೇಳಿದ್ದೆ, ಆಗಲೇ ದ್ವೀಪದ ಮಧ್ಯದಲ್ಲಿ ನಿಂತಿದ್ದೆ.

ಮಾನೋವಾ ಹಾಗಲ್ಲ. ಹೊನೊಲುಲುವಿನಿಂದ ಕ್ಯಾಲಿಫೋರ್ನಿಯಾ ದಂಡೆಗೆ ಸುಮಾರು 3,900 ಕಿಲೋಮೀಟರ್, ನಡುವೆ ಬರೀ ನೀರು. ವಿಮಾನದಲ್ಲಿ ಐದು ಗಂಟೆಯ ಮೇಲೆ. ಹಿಲೋ ಇರುವುದು ಇನ್ನೊಂದು ದ್ವೀಪದಲ್ಲಿ, ಹೊನೊಲುಲುವಿನಿಂದ ಮತ್ತೊಂದು ಸಣ್ಣ ವಿಮಾನ ಹತ್ತಬೇಕು.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಈ ಯೂನಿವರ್ಸಿಟಿಗಳ ಕ್ರೀಡೆಯನ್ನು ನಡೆಸುವುದು ಕೋಚ್‌ಗಿಂತ ಹೆಚ್ಚಾಗಿ ಈ ನೀರೇ. ಮಾನೋವಾ ತಂಡಕ್ಕೆ ಹೊರಗಿನ ಮ್ಯಾಚ್ ಅಂದರೆ ಬಹುತೇಕ ಯಾವಾಗಲೂ ಸಮುದ್ರ ದಾಟುವುದು. ಆಟಗಾರ್ತಿ ಬುಧವಾರ ಹೊರಟರೆ ಭಾನುವಾರ ವಾಪಸ್ಸು, ಏರ್‌ಪೋರ್ಟ್ ನೆಲದ ಮೇಲೆ ಕೂತು ಹೋಮ್‌ವರ್ಕ್, ಎರಡು ಮೂರು ಗಂಟೆಯ ಟೈಮ್ ವ್ಯತ್ಯಾಸ. ಎದುರಾಳಿಗಳಿಗೂ ಅದೇ ಕಷ್ಟ. 2012ರಲ್ಲಿ ಹವಾಯಿ ಬಿಗ್ ವೆಸ್ಟ್ ಲೀಗಿಗೂ ಫುಟ್‌ಬಾಲ್‌ಗೆ (ಅಮೆರಿಕನ್ ಫುಟ್‌ಬಾಲ್, ಸಾಕರ್ ಅಲ್ಲ) ಮೌಂಟನ್ ವೆಸ್ಟ್ ಲೀಗಿಗೂ ಸೇರಿದಾಗ, ತನ್ನಲ್ಲಿಗೆ ಬರುವ ತಂಡಗಳ ಪ್ರಯಾಣ ಖರ್ಚಿನಲ್ಲಿ ಒಂದು ಪಾಲನ್ನು ತಾನೇ ಕೊಡಲು ಒಪ್ಪಿಕೊಳ್ಳಬೇಕಾಯಿತು. ನೆಂಟರನ್ನು ಊಟಕ್ಕೆ ಕರೆದು ಬಸ್ ಚಾರ್ಜನ್ನೂ ಕೊಟ್ಟು ಕಳಿಸಿದ ಹಾಗೆ. ಇನ್ನೊಂದು ತಮಾಷೆ ಇದೆ. ಹವಾಯಿಗೆ ಹೋಗಿ ಫುಟ್‌ಬಾಲ್ ಆಡುವ ತಂಡಕ್ಕೆ ಆ ಸೀಸನ್‌ನಲ್ಲಿ ಒಂದು ಮ್ಯಾಚ್ ಜಾಸ್ತಿ ಆಡಲು ನಿಯಮದಲ್ಲೇ ಅವಕಾಶವಿದೆ, 12ರ ಬದಲು 13. ಆ ಹೆಚ್ಚುವರಿ ಮ್ಯಾಚ್‌ನ ಆಸೆಗೆ ದೂರದ ತಂಡಗಳೂ ಬರುತ್ತವೆ.

ಮಾನೋವಾ: ಇಡೀ ರಾಜ್ಯದ ತಂಡ

ಹವಾಯಿಯಲ್ಲಿ ದೊಡ್ಡ ಪ್ರೊಫೆಷನಲ್ ತಂಡ ಒಂದೂ ಇಲ್ಲ. ಎನ್‌ಬಿಎ ಇಲ್ಲ, ಎನ್‌ಎಫ್‌ಎಲ್ ಇಲ್ಲ, ಬೇಸ್‌ಬಾಲ್‌ನ ಮೇಜರ್ ಲೀಗೂ ಇಲ್ಲ. ಹಾಗಾಗಿ 1907ರಲ್ಲಿ ಕೃಷಿ ಕಾಲೇಜಾಗಿ ಶುರುವಾದ ಈ ಯೂನಿವರ್ಸಿಟಿಯ ತಂಡವೇ ರಾಜ್ಯದ ತಂಡ. ಟ್ಯಾಕ್ಸಿ ಡ್ರೈವರ್‌ನಿಂದ ಹಿಡಿದು ತರಕಾರಿ ಮಾರುವ ಅಜ್ಜಿಯವರೆಗೆ ಎಲ್ಲರಿಗೂ ನಿನ್ನೆಯ ಸೆಟ್ ಸ್ಕೋರ್ ಗೊತ್ತಿರುತ್ತದೆ. ನಾನು ಹತ್ತಿದ ಊಬರ್‌ನವನು, ವಾಲಿಬಾಲ್‌ಗೆ ಹೋಗುತ್ತಿದ್ದೇವೆ ಅಂದ ಕೂಡಲೇ ರಿಸರ್ವ್ ಬ್ಲಾಕರ್‌ನ ಮಂಡಿ ನೋವಿನ ಬಗ್ಗೆ ದಾರಿಯುದ್ದಕ್ಕೂ ಹೇಳಿದ.

ಹೆಸರಿನ ಕಥೆ ಚೆನ್ನಾಗಿದೆ. ಮಾನೋವಾ ಕಣಿವೆಯಲ್ಲಿ ಬಿಸಿಲು ಮಳೆ ಒಟ್ಟಿಗೇ ಬರುವುದು ದಿನನಿತ್ಯದ ಮಾತು. 1923ರ ಸೀಸನ್‌ನ ಕೊನೆಯ ಫುಟ್‌ಬಾಲ್ ಮ್ಯಾಚ್‌ನಲ್ಲಿ ಹೊರಗಿನಿಂದ ಬಂದ ಬಲವಾದ ಆರೆಗನ್ ಸ್ಟೇಟ್ ತಂಡವನ್ನು ಇವರು ಸೋಲಿಸಿದಾಗ ಮೈದಾನದ ಮೇಲೆ ಕಾಮನಬಿಲ್ಲು ಮೂಡಿತ್ತು ಅನ್ನುತ್ತಾರೆ. ಅಲ್ಲಿಂದ ರೇನ್‌ಬೋ ಹೆಸರು ಅಂಟಿಕೊಂಡಿತು. ಈಗ ಗಂಡಸರ ತಂಡ ರೇನ್‌ಬೋ ವಾರಿಯರ್ಸ್, ಹೆಂಗಸರದ್ದು ರೇನ್‌ಬೋ ವಹೀನೆ. ವಹೀನೆ ಅಂದರೆ ಹವಾಯಿ ಭಾಷೆಯಲ್ಲಿ ಹೆಣ್ಣು.

ವಾಲಿಬಾಲ್ ವಿಷಯಕ್ಕೆ ಬಂದರೆ ಇದು ಬೇರೆಯೇ ಮಟ್ಟ. ಹೆಂಗಸರ ತಂಡ ಶುರುವಾದದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ಟೈಟಲ್ ನೈನ್ ಕಾಯಿದೆ ಬಂದಿತ್ತು, ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅಂತ. ಆ ಕಾಯಿದೆಗಾಗಿ ದುಡಿದವರಲ್ಲಿ ಮುಖ್ಯ ಹೆಸರು ಪ್ಯಾಟ್ಸಿ ಮಿಂಕ್, ಮಾವಿ ದ್ವೀಪದಲ್ಲಿ ಹುಟ್ಟಿ ಇದೇ ಹವಾಯಿ ಯೂನಿವರ್ಸಿಟಿಯಲ್ಲಿ ಡಿಗ್ರಿ ಮಾಡಿದವರು. 2002ರಲ್ಲಿ ಕಾಯಿದೆಗೆ ಅವರ ಹೆಸರನ್ನೇ ಇಟ್ಟರು. ನಮ್ಮ ಸೊಸೆಗೆ ಈ ವಿಷಯ ಹೇಳಿದಾಗ ಎರಡು ನಿಮಿಷ ಫೋನ್ ಕೆಳಗಿಟ್ಟು ಕೇಳಿದಳು, ಅದೇ ದೊಡ್ಡದು.

1975ರಿಂದ ಡೇವ್ ಶೋಜಿ ಕೋಚ್ ಆದರು, ನಾಲ್ಕು ದಶಕ ಕೂತರು, 2017ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕದಲ್ಲಿ 1,202 ಗೆಲುವು. 1979, 1982, 1983, 1987 ಹೀಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ. ಗಂಡಸರ ತಂಡ ಚಾರ್ಲಿ ವೇಡ್ ಕೋಚ್ ಆಗಿದ್ದಾಗ 2021 ಮತ್ತು 2022ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು, ಎರಡೂ ಫೈನಲ್ 3-0.

ಆಡುವ ಜಾಗ ಸ್ಟ್ಯಾನ್ ಶೆರಿಫ್ ಸೆಂಟರ್. 1994ರಲ್ಲಿ ಶುರುವಾದದ್ದು, 10,300 ಸೀಟು. ಕಾಲೇಜು ವಾಲಿಬಾಲ್‌ಗೆ ಅಷ್ಟು ಜನ ಬರುತ್ತಾರಾ ಅಂತ ನನಗೂ ಅನುಮಾನವಿತ್ತು. ಬಂದರು. ಅಜ್ಜ ಅಜ್ಜಿ ಮೊಮ್ಮಕ್ಕಳು ಎಲ್ಲ ಬಂದರು, ಪೊಟ್ಟಣದಲ್ಲಿ ಬೇಯಿಸಿದ ಕಡಲೆಕಾಯಿ ಹಿಡಿದುಕೊಂಡು. ಕೊನೆಯ ವರ್ಷದವರ ಬೀಳ್ಕೊಡುಗೆ ರಾತ್ರಿಯನ್ನು ನೋಡಲೇಬೇಕು. ಒಬ್ಬೊಬ್ಬ ಆಟಗಾರ್ತಿಗೆ ಹೂವಿನ ಲೇ ಹಾರ ಹಾಕುತ್ತಾ ಹಾಕುತ್ತಾ ಕೊನೆಗೆ ಮೂಗಿನ ಮೇಲಿನದು ಮಾತ್ರ ಕಾಣುತ್ತದೆ. ನಮ್ಮಲ್ಲಿ ಗೆದ್ದ ಎಂಎಲ್‌ಎಗೆ ಹಾಕುತ್ತಾರಲ್ಲ, ಅದಕ್ಕಿಂತ ಜಾಸ್ತಿ, ಮತ್ತೆ ಇದು ಪ್ರೀತಿಯಿಂದ.

ಫುಟ್‌ಬಾಲ್‌ನ ಕಥೆ ಅಷ್ಟು ಸುಖದ್ದಲ್ಲ. 2007ರಲ್ಲಿ ಲೀಗ್ ಹಂತದಲ್ಲಿ 12ಕ್ಕೆ 12 ಗೆದ್ದು ಶುಗರ್ ಬೌಲ್ ಅನ್ನುವ ದೊಡ್ಡ ಪಂದ್ಯಕ್ಕೆ ಹೋದರು. ಕೋಲ್ಟ್ ಬ್ರೆನ್ನನ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಜೂನ್ ಜೋನ್ಸ್ ಕೋಚ್. ಅಲ್ಲಿ ಜಾರ್ಜಿಯಾ 41-10ರಿಂದ ನೆಲಕ್ಕೆ ಹಾಕಿತು. ಆಮೇಲೆ, 1975ರಿಂದ ಮನೆಯ ಮೈದಾನವಾಗಿದ್ದ 50,000 ಸೀಟಿನ ಅಲೋಹಾ ಸ್ಟೇಡಿಯಂ ತುಕ್ಕು ಹಿಡಿದು, 2020ರ ಕೊನೆಗೆ ಪ್ರೇಕ್ಷಕರಿಗೆ ಬಾಗಿಲು ಹಾಕಿತು. 2021ರಿಂದ ಕ್ಯಾಂಪಸ್ಸಿನ ಒಳಗಿನ ಸಣ್ಣ ಮೈದಾನದಲ್ಲೇ ಆಡುತ್ತಿದ್ದಾರೆ, ಕುರ್ಚಿ ಸೇರಿಸಿ ಸೇರಿಸಿ 15,000ದ ಹತ್ತಿರ ತಂದಿದ್ದಾರೆ. ಹಳೆಯ ಅಭಿಮಾನಿಗಳಿಗೆ ಬೇಜಾರು. ವಿದ್ಯಾರ್ಥಿಗೆ ಮಾತ್ರ ಲಾಭ ಅಂತ ನನ್ನ ಅಭಿಪ್ರಾಯ, ಹಾಸ್ಟೆಲ್‌ನಿಂದ ನಡೆದೇ ಹೋಗಬಹುದು.

ಲೀಗ್ ಕೂಡ ಬದಲಾಗುವ ಕಾಲ ಇದು. 2026ರ ಜುಲೈ 1ರಿಂದ ಹೆಚ್ಚಿನ ಆಟಗಳೂ ಬಿಗ್ ವೆಸ್ಟ್ ಬಿಟ್ಟು ಮೌಂಟನ್ ವೆಸ್ಟ್‌ಗೆ ಹೋಗುತ್ತವೆ ಅಂತ 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು. ಗಂಡಸರ ವಾಲಿಬಾಲ್ ಬಿಗ್ ವೆಸ್ಟ್‌ನಲ್ಲೇ, ಯಾಕೆಂದರೆ ಮೌಂಟನ್ ವೆಸ್ಟ್‌ನಲ್ಲಿ ಆ ಆಟವೇ ಇಲ್ಲ. ಹುಡುಗಿಯರ ವಾಲಿಬಾಲ್‌ಗೆ ಇದರ ಅರ್ಥ ಏನು ಅಂದರೆ, ಕ್ಯಾಲಿಫೋರ್ನಿಯಾ ಕರಾವಳಿಯ ಸುತ್ತ ಮುಗಿಯುತ್ತಿದ್ದ ಪ್ರಯಾಣ ಇನ್ನು ನೆವಾಡಾ, ವಯೋಮಿಂಗ್, ನ್ಯೂ ಮೆಕ್ಸಿಕೋ ಕಡೆಗೆ ಹಿಗ್ಗುತ್ತದೆ. ತಂಗಿಗೆ ಇದನ್ನು ಹೇಳಿದಾಗ "ಹಾಗಾದರೆ ಕ್ಯಾಲಿಫೋರ್ನಿಯಾಗೆ ಮ್ಯಾಚ್‌ಗೆ ಬಂದಾಗ ಮನೆ ಊಟಕ್ಕೆ ಕರೆಯೋ ಚಾನ್ಸೂ ಕಮ್ಮಿ" ಅಂದಳು. ಇನ್ನೂ ಅಡ್ಮಿಷನ್ನೇ ಆಗಿಲ್ಲ.

ಮುಖ್ಯ ಪ್ರಶ್ನೆ: ನಮ್ಮ ಹುಡುಗಿಗೆ ಇಲ್ಲಿ ಆಡಲು ಜಾಗ ಸಿಗುತ್ತದಾ? ಮುಚ್ಚುಮರೆ ಇಲ್ಲದೆ ಹೇಳಿದೆ, ಕಷ್ಟ. ಅವಳು 5 ಅಡಿ 6 ಇಂಚು, ಶಾಲಾ ತಂಡದಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವುದಕ್ಕಷ್ಟೇ ಇರುವವಳು. ಇಲ್ಲಿಗೆ ಬರುವವರು ರಾಜ್ಯ ಮಟ್ಟದಲ್ಲಿ ಹೆಸರು ಮಾಡಿದವರು, ಹೊರದೇಶದ ಜೂನಿಯರ್ ತಂಡಗಳಲ್ಲಿ ಆಡಿದವರು. ಸ್ಕಾಲರ್‌ಶಿಪ್ ಇಲ್ಲದೆ ಟ್ರಯಲ್ಸ್ ಕೊಟ್ಟು ಸೇರುವ ದಾರಿ ಇದೆ, ವಾಕ್-ಆನ್ ಅಂತಾರೆ. ಆದರೆ ನಾಲ್ಕು ವರ್ಷ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಎತ್ತಿಕೊಡಲು ಮನಸ್ಸು ಗಟ್ಟಿ ಇರಬೇಕು.

ಹಿಲೋ: ಸಣ್ಣದು, ಒದ್ದೆ, ನನಗೆ ಇಷ್ಟವಾದದ್ದು

ಹಿಲೋದಲ್ಲಿ ಇಳಿದ ಕೂಡಲೇ ನನಗೆ ನೆನಪಾದದ್ದು ತೀರ್ಥಹಳ್ಳಿ. ಅದೇ ಪಾಚಿ ಹಿಡಿದ ಗೋಡೆ, ಅದೇ ತಗಡಿನ ಮಾಡಿನ ಮೇಲಿನ ಸದ್ದು. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ. ಆಗುಂಬೆಯ ಮುಂದೆ ಇದೇನೂ ಅಲ್ಲ ಬಿಡಿ, ಅರ್ಧವೂ ಇಲ್ಲ. ಆದರೆ ಆಗುಂಬೆಯಲ್ಲಿ ಮಳೆಗಾಲ ಮುಗಿದರೆ ಮುಗಿಯಿತು, ಇಲ್ಲಿ ಅದು ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಬಟ್ಟೆ ಒಣಗುವುದಿಲ್ಲ ಅನ್ನುವ ದೂರು ಎಲ್ಲರ ಬಾಯಲ್ಲೂ.

1940ರ ದಶಕದಲ್ಲಿ ಸಣ್ಣ ಶಾಖೆಯಾಗಿ ಶುರುವಾಗಿ 1970ರಲ್ಲಿ ಈಗಿನ ಹೆಸರು ಪಡೆದ ಕ್ಯಾಂಪಸ್ ಇದು. ವಿದ್ಯಾರ್ಥಿಗಳು ಮೂರು ಸಾವಿರದ ಆಸುಪಾಸು, ಮಾನೋವಾದಲ್ಲಿ ಅದರ ಆರು ಪಟ್ಟು ಜಾಸ್ತಿ. ತಂಡದ ಹೆಸರು ವಲ್ಕನ್ಸ್, ರೋಮನ್ನರ ಬೆಂಕಿಯ ದೇವರ ಹೆಸರು. ಇದೇ ದ್ವೀಪದಲ್ಲಿ ಕಿಲವೇಯ ಜ್ವಾಲಾಮುಖಿ ಇದೆ, ಮೌನಾ ಲೋವಾ 2022ರಲ್ಲಿ ಮತ್ತೆ ಬಾಯಿ ತೆರೆದಿತ್ತು. ಹೆಸರಿಗೆ ಅರ್ಥ ಹುಡುಕಬೇಕಾಗಿಲ್ಲ.

ಕ್ರೀಡೆಯಲ್ಲಿ ಇದು ಎನ್‌ಸಿಎಎಯ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಎರಡನೇ ದರ್ಜೆ, ಅಂದರೆ ಡಿವಿಷನ್ ಟೂ. ಲೀಗ್ ಪ್ಯಾಕ್‌ವೆಸ್ಟ್. ಇದರಲ್ಲಿ ಹೊನೊಲುಲುವಿನ ಖಾಸಗಿ ಕಾಲೇಜುಗಳಾದ ಶಾಮಿನಾಡ್ ಮತ್ತು ಹವಾಯಿ ಪೆಸಿಫಿಕ್ ಕೂಡ ಇವೆ. ಶಾಮಿನಾಡ್ 1982ರ ಡಿಸೆಂಬರ್‌ನಲ್ಲಿ ದೇಶದ ನಂಬರ್ ಒನ್ ಆಗಿದ್ದ ವರ್ಜೀನಿಯಾವನ್ನು ಬಾಸ್ಕೆಟ್‌ಬಾಲ್‌ನಲ್ಲಿ 77-72ರಿಂದ ಸೋಲಿಸಿದ ಕಾಲೇಜು, ಆ ಕಥೆಯನ್ನು ಹವಾಯಿಯಲ್ಲಿ ಇನ್ನೂ ಹೇಳುತ್ತಾರೆ. ಇಲ್ಲಿ ಹತ್ತು ಸಾವಿರ ಜನ ಬರುವುದಿಲ್ಲ. ಕೆಲವು ನೂರು ಜನ ಬರುತ್ತಾರೆ, ಅದರಲ್ಲಿ ಅರ್ಧ ಆಟಗಾರ್ತಿಯರ ಸ್ನೇಹಿತರು, ಕಾಲು ಭಾಗ ಚಿಕ್ಕಪ್ಪ ಚಿಕ್ಕಮ್ಮಂದಿರು. ಟಿವಿ ಇಲ್ಲ, ಗದ್ದಲ ಇಲ್ಲ. ಫುಟ್‌ಬಾಲ್ ತಂಡವೇ ಇಲ್ಲ. ಆದರೆ ಕೋರ್ಟಿಗೆ ಇಳಿಯಲು ಸಿಗುತ್ತದೆ ಅಲ್ವಾ, ಆಡಬೇಕು ಅಂತ ಹೋಗುವವರಿಗೆ ಅದಕ್ಕಿಂತ ಏನು ಬೇಕು?

ಎರಡನೇ ದರ್ಜೆ ಅಂದ ತಕ್ಷಣ ನಮ್ಮವರು ಮುಖ ಸಿಂಡರಿಸುತ್ತಾರೆ. ಸೆಕೆಂಡ್ ಕ್ಲಾಸ್ ಅನ್ನುವ ಮಾರ್ಕ್ಸ್‌ಕಾರ್ಡ್ ನೆನಪು ಇರಬೇಕು. ಅದು ಓದಿನ ದರ್ಜೆ ಅಲ್ಲ. ಕ್ರೀಡೆಗೆ ಎಷ್ಟು ದುಡ್ಡು ಹಾಕುತ್ತಾರೆ, ಎಷ್ಟು ಸ್ಕಾಲರ್‌ಶಿಪ್ ಕೊಡಬಹುದು ಅನ್ನುವ ದರ್ಜೆ.

ಓದಿನಲ್ಲಿ ಹಿಲೋಗೆ ಎರಡು ಗಟ್ಟಿ ವಿಷಯಗಳಿವೆ. ಒಂದು, ಖಗೋಳ. ಹತ್ತಿರದಲ್ಲೇ 4,207 ಮೀಟರ್ ಎತ್ತರದ ಮೌನಾ ಕೇಯಾ, ಮೇಲೆ ಜಗತ್ತಿನ ದೊಡ್ಡ ದೊಡ್ಡ ದೂರದರ್ಶಕಗಳು. ಇಲ್ಲಿ ಬಿಎಸ್ಸಿ ಮಟ್ಟದಲ್ಲೇ ಖಗೋಳ ಓದಬಹುದು. ಅದೇ ಬೆಟ್ಟದ ಮೇಲೆ ಕಟ್ಟಬೇಕೆಂದಿರುವ ಮೂವತ್ತು ಮೀಟರ್ ದೂರದರ್ಶಕದಲ್ಲಿ ಭಾರತದ ಪಾಲೂ ಇದೆ, ಆ ಕೆಲಸ ನೋಡಿಕೊಳ್ಳುವುದು ಬೆಂಗಳೂರಿನ ಕೋರಮಂಗಲದ ಭಾರತೀಯ ಖಗೋಳಭೌತ ಸಂಸ್ಥೆ. ಅದರ ಕನ್ನಡಿಯ ತುಂಡುಗಳನ್ನು ನಯ ಮಾಡುವ ಘಟಕ ಹೊಸಕೋಟೆಯಲ್ಲಿದೆ. ಅಲ್ಲಿನ ಮೂಲ ನಿವಾಸಿಗಳಿಗೆ ಆ ಬೆಟ್ಟ ಪವಿತ್ರ. 2019ರಲ್ಲಿ ರಸ್ತೆಗೆ ಅಡ್ಡ ಕೂತು ಕೆಲಸ ನಿಲ್ಲಿಸಿದರು, ಬೆಟ್ಟದ ಮೇಲೆ ಆ ಕಟ್ಟಡ ಎದ್ದಿಲ್ಲ. ಹಿಲೋದಲ್ಲಿ ಓದುವ ಹುಡುಗಿಗೆ ಈ ಜಗಳ ಪತ್ರಿಕೆಯ ಸುದ್ದಿ ಆಗಿರುವುದಿಲ್ಲ, ಪಕ್ಕದ ಬೆಂಚಿನವಳ ಮನೆಯ ಮಾತಾಗಿರುತ್ತದೆ.

ಇನ್ನೊಂದು, ಹವಾಯಿ ಭಾಷೆ. 1896ರಲ್ಲಿ ಶಾಲೆಗಳಲ್ಲಿ ಹವಾಯಿ ಮಾಧ್ಯಮವನ್ನು ಕಾನೂನಿನಿಂದಲೇ ಮುಚ್ಚಿದ್ದರು. ಆ ಭಾಷೆ ಅಜ್ಜಂದಿರ ಬಾಯಲ್ಲಷ್ಟೇ ಉಳಿದಿತ್ತು. ಈಗ ಹಿಲೋದಲ್ಲಿ ಅದಕ್ಕೇ ಒಂದು ಪೂರ್ತಿ ಕಾಲೇಜು ಇದೆ, ಎಂಎ, ಪಿಎಚ್‌ಡಿವರೆಗೂ ಓದಬಹುದು. ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳಿಸದೆ, ರಾಜ್ಯೋತ್ಸವದ ದಿನ ಭಾಷಣ ಮಾಡುವ ನಾವು ಅಲ್ಲಿ ಒಂದು ದಿನ ಸುಮ್ನೆ ಕೂತು ಬರಬೇಕು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಊಟದ ಬಗ್ಗೆ ತಂಗಿ ಕೇಳಿದ್ದಳು. ಹಿಲೋದವರ ಹೆಮ್ಮೆಯ ತಿಂಡಿ ಲೋಕೋ ಮೋಕೋ, ಅನ್ನದ ಮೇಲೆ ಮಾಂಸದ ಪ್ಯಾಟಿ, ಮೊಟ್ಟೆ, ಗ್ರೇವಿ, ನಮ್ಮ ಸಸ್ಯಾಹಾರಿ ಸೊಸೆಗೆ ಅನ್ನ ಮಾತ್ರ ಉಳಿಯುತ್ತದೆ. ಆದರೆ ಮಾರ್ಕೆಟ್ಟಿನಲ್ಲಿ ಕೆಸುವಿನ ಗೆಡ್ಡೆ, ಕೆಸುವಿನ ಎಲೆ, ಜೀಗುಜ್ಜೆ, ತೆಂಗಿನಕಾಯಿ, ಬಾಳೆಹಣ್ಣು, ಪಪ್ಪಾಯಿ ಎಲ್ಲ ರಾಶಿ ರಾಶಿ. ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ ಹಬೆಯಲ್ಲಿ ಬೇಯಿಸಿ ಲಾವ್‌ಲಾವ್ ಅಂತಾರೆ. ನಮ್ಮವರು ಅದೇ ಎಲೆಗೆ ಅಕ್ಕಿ ಹಿಟ್ಟು ಸವರಿ ಪತ್ರೊಡೆ ಅಂತಾರೆ. ಒಂದು ಗ್ರೈಂಡರ್ ಇದ್ದರೆ ಹಿಲೋದಲ್ಲಿ ಉಡುಪಿಯವರು ಆರಾಮಾಗಿ ಬದುಕಬಹುದು.

ಕಾರ್ಪಸ್ ಕ್ರಿಸ್ಟಿ: ಹೆಸರಿಗೆ ದ್ವೀಪ, ಅನುಕೂಲಕ್ಕೆ ನೆಲ

ಈ ದ್ವೀಪ ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯವರು ರೇಡಾರ್ ತರಬೇತಿ ಕೊಡುತ್ತಿದ್ದ ಜಾಗ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಬ್ಯಾಪ್ಟಿಸ್ಟರು ಕಾಲೇಜು ಶುರು ಮಾಡಿದರು. 1970ರ ಆಗಸ್ಟ್‌ನಲ್ಲಿ ಸೀಲಿಯಾ ಚಂಡಮಾರುತ ಬಂದು ಕ್ಯಾಂಪಸ್ಸನ್ನು ಹಾಳುಗೆಡವಿತು, ಆಮೇಲೆ ಸರ್ಕಾರ ವಹಿಸಿಕೊಂಡಿತು. 1989ರಲ್ಲಿ ಎ ಆ್ಯಂಡ್ ಎಂ ಬಳಗಕ್ಕೆ ಸೇರಿತು. ಚಂಡಮಾರುತದ ಭಯ ಈಗಲೂ ಇದೆ, 2017ರಲ್ಲಿ ಹಾರ್ವೆ ಹತ್ತಿರದಲ್ಲೇ ದಡ ಮುಟ್ಟಿದಾಗ ಎಲ್ಲರನ್ನೂ ಖಾಲಿ ಮಾಡಿಸಿದ್ದರು. ಮಗು ಅಲ್ಲಿ ಸೇರಿದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹವಾಮಾನ ವರದಿ ನೋಡುವುದು ಮನೆಯವರ ಕೆಲಸವಾಗುತ್ತದೆ.

ಇಲ್ಲಿಯ ಕ್ರೀಡೆಗೆ ವಯಸ್ಸು ಕಮ್ಮಿ. ಐಲ್ಯಾಂಡರ್ಸ್ ಅನ್ನುವ ತಂಡಗಳು ಹುಟ್ಟಿದ್ದೇ 1990ರ ದಶಕದ ಕೊನೆಗೆ. 2006ರಿಂದ ಸೌತ್‌ಲ್ಯಾಂಡ್ ಲೀಗ್. ಮೊದಲ ದರ್ಜೆಯೇ, ಡಿವಿಷನ್ ಒನ್. ಮಾನೋವಾದ ಹಾಗೆ ಗೋಡೆ ತುಂಬ ಟ್ರೋಫಿ ಇಲ್ಲ. ಆದರೆ ಗಂಡಸರ ಬಾಸ್ಕೆಟ್‌ಬಾಲ್ ತಂಡ 2007ರಲ್ಲೇ ಎನ್‌ಸಿಎಎ ಟೂರ್ನಿಗೆ ಹೋಗಿ ವಿಸ್ಕಾನ್ಸಿನ್‌ನಂಥ ದೊಡ್ಡ ತಂಡಕ್ಕೆ ಮೊದಲರ್ಧದಲ್ಲಿ ಬೆವರಿಳಿಸಿತ್ತು, ಕೊನೆಗೆ 76-63ಕ್ಕೆ ಸೋತಿತು. 2022, 2023ರಲ್ಲಿ ಮತ್ತೆ ಹೋದರು. ಹೆಂಗಸರ ತಂಡ ಮೊದಲ ಸಲ ಹೋದದ್ದು 2024ರಲ್ಲಿ. ವಾಲಿಬಾಲ್ ಜೊತೆ ಬೀಚ್ ವಾಲಿಬಾಲೂ ಇದೆ, ಲಿಬೆರೊಗಳಿಗೆ ಅದು ಒಳ್ಳೆಯ ಎರಡನೇ ಬಾಗಿಲು. ಫುಟ್‌ಬಾಲ್ ಇಲ್ಲ. ಟೆಕ್ಸಸ್‌ನಲ್ಲಿ ಫುಟ್‌ಬಾಲ್ ಇಲ್ಲದ ಯೂನಿವರ್ಸಿಟಿ ಅಂದರೆ ಅಕ್ಕಿರೊಟ್ಟಿ ಸಿಗದ ಮಲೆನಾಡಿನ ಹೋಟೆಲ್ ಇದ್ದ ಹಾಗೆ, ಜನ ಎರಡು ಸಲ ಕೇಳುತ್ತಾರೆ.

ಊರಿನವರ ಪ್ರೀತಿ? ಇದೆ, ಆದರೆ ಹಂಚಿಹೋಗಿದೆ. ಡಲ್ಲಾಸ್‌ನ ಕೌಬಾಯ್ಸ್, ಆಸ್ಟಿನ್‌ನ ಲಾಂಗ್‌ಹಾರ್ನ್ಸ್, ಕಾಲೇಜ್ ಸ್ಟೇಷನ್‌ನ ದೊಡ್ಡಣ್ಣ ಎ ಆ್ಯಂಡ್ ಎಂ, ಊರಿನದೇ ಸಣ್ಣ ಬೇಸ್‌ಬಾಲ್ ತಂಡ. ಐಲ್ಯಾಂಡರ್ಸ್‌ಗೆ ಉಳಿದದ್ದು. ಬದಲಿಗೆ ಸಿಗುವುದು ಬಸ್ಸು. ಸೌತ್‌ಲ್ಯಾಂಡ್ ತಂಡಗಳು ಹೆಚ್ಚಾಗಿ ಟೆಕ್ಸಸ್, ಲೂಸಿಯಾನಾದವು. ಬಸ್ಸಿನಲ್ಲಿ ಹೋಗಿ ಆಡಿ ಬಂದು ಮಾರನೆಯ ದಿನ ಕ್ಲಾಸಿಗೆ ಕೂರಬಹುದು. ಎಂಜಿನಿಯರಿಂಗ್ ಅಥವಾ ಲ್ಯಾಬ್ ಇರುವ ಕೋರ್ಸ್ ಓದುತ್ತಾ ಆಡುವವರಿಗೆ ಇದು ಸಣ್ಣ ಮಾತಲ್ಲ, ಮಾನೋವಾದ ಎಲ್ಲ ಹೂವಿನ ಹಾರಕ್ಕಿಂತ ಇದೇ ಹೆಚ್ಚು ಬೆಲೆಯದ್ದು ಅಂತ ನಾನು ವಾದ ಮಾಡಬಲ್ಲೆ. ಸಮುದ್ರದ ವಿಷಯ ಓದುವುದಾದರೆ ಇಲ್ಲಿಯ ಹಾರ್ಟ್ ಸಂಶೋಧನಾ ಸಂಸ್ಥೆಗೆ ಒಳ್ಳೆಯ ಹೆಸರಿದೆ, ಡ್ರೋನ್ ಪರೀಕ್ಷೆಯ ಕೇಂದ್ರವೂ ಇದೆ. ಸೆಕೆ ಮಂಗಳೂರಿನದೇ, ಗಾಳಿ ಮಾತ್ರ ಜಾಸ್ತಿ.

ದುಡ್ಡು

ಸರ್ಕಾರಿ ಅಂದರೆ ಅಗ್ಗ ಅನ್ನುವುದು ಆ ರಾಜ್ಯದವರಿಗೆ ಮಾತ್ರ. ಹೊರಗಿನವರಿಗೆ ಮಾನೋವಾದ ಫೀಸೇ ವರ್ಷಕ್ಕೆ 30,000 ಡಾಲರ್ ಮೀರುತ್ತದೆ, ಮೇಲೆ ಹೊನೊಲುಲುವಿನ ಬಾಡಿಗೆ, ಹಾಲಿನ ಬೆಲೆ ನೋಡಿದರೆ ತಲೆ ತಿರುಗುತ್ತದೆ, ಎಲ್ಲವೂ ಹಡಗಿನಲ್ಲಿ ಬರಬೇಕಲ್ಲ. ಹಿಲೋದಲ್ಲಿ ಫೀಸೂ ಕಮ್ಮಿ, ಬಾಡಿಗೆಯೂ ಕಮ್ಮಿ.

ಆದರೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಒಂದು ವಿಷಯ ತಿಳಿದಿರಬೇಕು. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಅನ್ನುವ ಒಪ್ಪಂದವಿದೆ. ಆ ರಾಜ್ಯಗಳ ಕಾಯಂ ನಿವಾಸಿ ಮಕ್ಕಳು, ಸ್ಥಳೀಯರು ಕಟ್ಟುವ ಫೀಸಿನ ಒಂದೂವರೆ ಪಟ್ಟು ಮೀರದಷ್ಟು ಕಟ್ಟಿ ಓದಬಹುದು. ಹವಾಯಿ ಇದರಲ್ಲಿದೆ, ಕ್ಯಾಲಿಫೋರ್ನಿಯಾವೂ ಇದೆ. ಎಲ್ಲ ಕೋರ್ಸ್‌ಗೂ ಎಲ್ಲರಿಗೂ ಸಿಗುವುದಿಲ್ಲ, ಅರ್ಜಿ ಹಾಕುವ ಮೊದಲು ಕೇಳಿ. ಬೆಂಗಳೂರಿನಿಂದ ನೇರವಾಗಿ ಎಫ್-1 ವೀಸಾದಲ್ಲಿ ಬರುವವರಿಗೆ ಇದು ಇಲ್ಲ.

ಅವರಿಗೆ ಟೆಕ್ಸಸ್‌ನಲ್ಲಿ ಬೇರೆ ದಾರಿ ಇದೆ. ಯೂನಿವರ್ಸಿಟಿಯಿಂದ ಕನಿಷ್ಠ 1,000 ಡಾಲರ್‌ನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಸಿಕ್ಕಿದರೆ ಹೊರಗಿನವರ ಫೀಸು ಬಿಟ್ಟು ಸ್ಥಳೀಯರ ಫೀಸು ಹಾಕಬಹುದು ಅಂತ ರಾಜ್ಯದ ಕಾನೂನೇ ಇದೆ, ಸಂಖ್ಯೆಗೆ ಮಿತಿ ಉಂಟು. ಸಾವಿರ ಡಾಲರ್ ಅಂದರೆ ಕೇವಲ ಸಾವಿರ ಡಾಲರ್ ಅಲ್ಲ ಅನ್ನುವುದು ಇದಕ್ಕೇ.

ಕ್ರೀಡಾ ಸ್ಕಾಲರ್‌ಶಿಪ್ ಬಗ್ಗೆ ನಮ್ಮವರಲ್ಲಿ ದೊಡ್ಡ ಭ್ರಮೆ ಇದೆ, ತಂಡಕ್ಕೆ ಸೇರಿದರೆ ಎಲ್ಲ ಫ್ರೀ ಅಂತ. ಡಿವಿಷನ್ ಟೂ ಹೆಂಗಸರ ವಾಲಿಬಾಲ್‌ನಲ್ಲಿ ಇಡೀ ತಂಡಕ್ಕೆ ಹೆಚ್ಚೆಂದರೆ 8 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು, ಅದನ್ನು ಹದಿನೈದಿಪ್ಪತ್ತು ಜನಕ್ಕೆ ಹಂಚುತ್ತಾರೆ. ಒಬ್ಬಳಿಗೆ ಅರ್ಧ, ಇನ್ನೊಬ್ಬಳಿಗೆ ಪುಸ್ತಕದ ದುಡ್ಡು. ಡಿವಿಷನ್ ಒನ್‌ನಲ್ಲಿ 2025ರ ಜೂನ್‌ನ ಕೋರ್ಟ್ ಒಪ್ಪಂದದ ಮೇಲೆ ಲೆಕ್ಕವೇ ಬದಲಾಗಿದೆ. ಆಟಗಾರರಿಗೆ ನೇರವಾಗಿ ಆದಾಯದ ಪಾಲು ಕೊಡಬಹುದು, ಸ್ಕಾಲರ್‌ಶಿಪ್ ಮಿತಿಯ ಬದಲು ತಂಡದ ತಲೆಗಳ ಮಿತಿ ಬಂದಿದೆ. ದೊಡ್ಡ ಶ್ರೀಮಂತ ಯೂನಿವರ್ಸಿಟಿಗಳಿಗೆ ಇದು ಹಬ್ಬ. ವಿಮಾನದ ಟಿಕೆಟ್‌ಗೇ ದುಡ್ಡು ಸುರಿಯುವ ದ್ವೀಪದವರಿಗೆ ಅಷ್ಟೇನೂ ಅಲ್ಲ.

ಕೋಚ್‌ಗೆ ಬರೆಯುವ ಮೊದಲು

ಹೈಸ್ಕೂಲಿನ ಎರಡನೇ ವರ್ಷ, ಅಂದರೆ ಹತ್ತನೇ ತರಗತಿ, ಮುಗಿದ ಜೂನ್ 15ರಿಂದ ವಾಲಿಬಾಲ್ ಕೋಚ್‌ಗಳು ಮಕ್ಕಳ ಜೊತೆ ನೇರವಾಗಿ ಮಾತಾಡಬಹುದು. ಅದಕ್ಕೂ ಮೊದಲು ನೀವು ಮೇಲ್ ಕಳಿಸಿ ಉತ್ತರ ಬರಲಿಲ್ಲ ಅಂದರೆ ಬೇಜಾರಾಗಬೇಡಿ, ಅವರು ಉತ್ತರ ಕೊಡುವಂತಿಲ್ಲ. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು, 16 ಮುಖ್ಯ ವಿಷಯಗಳು ಬೇಕು, ಅವುಗಳಲ್ಲಿ ಡಿವಿಷನ್ ಒನ್‌ಗೆ 2.3, ಡಿವಿಷನ್ ಟೂಗೆ 2.2 ಜಿಪಿಎ ಬೇಕು. ಪಿಯುಸಿ ಮಾಡಿದವರು 9ರಿಂದ 12ರವರೆಗಿನ ಎಲ್ಲ ಮಾರ್ಕ್ಸ್‌ಕಾರ್ಡ್ ಜೋಡಿಸಿ ಇಟ್ಟುಕೊಳ್ಳಿ. ಪಿಯುಸಿ ಮುಗಿಸಿ ಎರಡು ಮೂರು ವರ್ಷ ಕ್ಲಬ್ಬಿಗೆ ಆಡುತ್ತಾ ಕೂತರೆ ಅರ್ಹತೆಗೆ ಕುತ್ತು ಬರಬಹುದು.

ಏಜೆನ್ಸಿಗಳ ಬಗ್ಗೆ ಒಂದು ಮಾತು. ತಂಗಿಯ ಗಂಡ ಒಂದು ರಿಕ್ರೂಟಿಂಗ್ ಏಜೆನ್ಸಿಗೆ ಸುಮಾರು ದುಡ್ಡು ಕಟ್ಟಿದ್ದರು, ಹೆಸರು ಬೇಡ. ಅವರು ಮಾಡಿದ್ದು ಇವಳ ವಿಡಿಯೋವನ್ನು ಇನ್ನೂರು ಕೋಚ್‌ಗಳಿಗೆ ಒಂದೇ ಮೇಲ್‌ನಲ್ಲಿ ಕಳಿಸಿದ್ದು, ಅದೂ ಹೆಸರು ತಪ್ಪಾಗಿ ಬರೆದು. ಆಮೇಲೆ ಸೊಸೆ ತಾನೇ ಮೂರು ನಿಮಿಷದ ವಿಡಿಯೋ ಕತ್ತರಿಸಿ, ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಒಳ್ಳೆಯ ಡಿಗ್‌ಗಳನ್ನು, ಅಂದರೆ ಎದುರಾಳಿಯ ಹೊಡೆತ ಎತ್ತಿದ್ದನ್ನು, ಹಾಕಿ, ಒಬ್ಬೊಬ್ಬ ಕೋಚ್‌ಗೂ ಬೇರೆ ಬೇರೆಯಾಗಿ ಬರೆದಳು. ಉತ್ತರ ಬಂದದ್ದು ಅದಕ್ಕೆ.

ಹಾಗಾದರೆ ಯಾವುದು? ಮ್ಯಾಚ್ ನೋಡುತ್ತಾ, ಆ ಗದ್ದಲದ ಮಧ್ಯೆ ವಿದ್ಯಾರ್ಥಿಯಾಗಿ ನಾಲ್ಕು ವರ್ಷ ಕಳೆಯಬೇಕಾದರೆ ಮಾನೋವಾ, ಎರಡನೇ ಯೋಚನೆ ಬೇಡ. ಡಿವಿಷನ್ ಒನ್ ಜೆರ್ಸಿಯೂ ಬೇಕು, ಕ್ಲಾಸೂ ತಪ್ಪಬಾರದು ಅಂದರೆ ಕಾರ್ಪಸ್ ಕ್ರಿಸ್ಟಿ. ನಿಜವಾಗಿ ಕೋರ್ಟಿನಲ್ಲಿ ಆಡಬೇಕು, ಮಳೆ ಅಂದರೆ ಬೇಜಾರಿಲ್ಲ, ಇಡೀ ಕ್ಯಾಂಪಸ್ ಹೆಸರಿಟ್ಟು ಕರೆದರೆ ಮುಜುಗರವಿಲ್ಲ ಅಂದರೆ ಹಿಲೋ. ನಾನು ಸೊಸೆಗೆ ಹಿಲೋ ಅಂದೆ. ಅವಳು ಕಾರ್ಪಸ್ ಕ್ರಿಸ್ಟಿಗೂ ಹಿಲೋಗೂ ಬರೆದಿದ್ದಾಳೆ. ತಂಗಿ ಇನ್ನೂ ಮಾನೋವಾ ಹಿಡಿದು ಕೂತಿದ್ದಾಳೆ, ಅದಕ್ಕೆ ನೇರ ವಿಮಾನ ಇದೆ ಅಂತ.

ಶಿವಮೊಗ್ಗದಲ್ಲಿರುವ ನಮ್ಮ ಅಮ್ಮ ಕೇಳಿದ್ದು ಒಂದೇ, ಮೊಮ್ಮಗಳ ಮ್ಯಾಚ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ. ಲೆಕ್ಕ ಹಾಕಿ ಹೇಳಿದೆ. ಹವಾಯಿಯಲ್ಲಿ ಸಂಜೆ 7 ಅಂದರೆ ನಮ್ಮಲ್ಲಿ ಮಾರನೆಯ ದಿನ ಬೆಳಿಗ್ಗೆ ಹತ್ತೂವರೆ, ವರ್ಷವಿಡೀ ಅಷ್ಟೇ, ಅವರು ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಟೆಕ್ಸಸ್‌ನಲ್ಲಿ ಸಂಜೆ 6 ಅಂದರೆ ಸೆಪ್ಟೆಂಬರ್‌ನಲ್ಲಿ ಬೆಳಗಿನ ಜಾವ ನಾಲ್ಕೂವರೆ. "ಹಾಗಾದರೆ ಹವಾಯಿಗೇ ಹಾಕಿಸು ಮಾರಾಯ, ಸ್ನಾನ ತಿಂಡಿ ಎಲ್ಲ ಮುಗಿದಿರುತ್ತೆ" ಅಂದರು.